ಹುಡುಕುವ ವಿದ್ಯೆ: ಶಾಸನದಿಂದ ಗಣಕಜಾಲದವರೆಗೆ



ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ಓದುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಸುತ್ತಮುತ್ತಲ ಹಳೆಯ ಕೆರೆಕಟ್ಟೆಗಳನ್ನು ಕಟ್ಟಿಸಿದವರು ಯಾರೆಂದು ಬರೆದು ತರಲು ಇತಿಹಾಸದ ಮೇಷ್ಟ್ರು ಹೇಳಿದ್ದಾರೆ. ಅವಳು ಮನೆಗೆ ಬಂದು ಅಪ್ಪನ ಮೊಬೈಲಿನಲ್ಲಿ ಪ್ರಶ್ನೆಯನ್ನು ಕನ್ನಡದಲ್ಲೇ ಟೈಪು ಮಾಡುತ್ತಾಳೆ. ಅರೆಗಳಿಗೆಯಲ್ಲಿ ಎರಡು ಪ್ಯಾರಾ ಉತ್ತರ ಬರುತ್ತದೆ. ರಾಜನ ಹೆಸರಿದೆ, ಇಸವಿ ಇದೆ, ಕನ್ನಡವೂ ಅಚ್ಚುಕಟ್ಟಾಗಿದೆ. ಮರುದಿನ ಮೇಷ್ಟ್ರು ಅದನ್ನು ಓದಿ ಒಂದೇ ಮಾತು ಕೇಳುತ್ತಾರೆ: 'ಚೆನ್ನಾಗಿದೆಯಮ್ಮ. ಇದು ಎಲ್ಲಿದೆ?'

ಹುಡುಗಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

'ಎಲ್ಲಿದೆ' ಎಂಬ ಈ ಪುಟ್ಟ ಪ್ರಶ್ನೆಗೆ ದೊಡ್ಡದೊಂದು ಚರಿತ್ರೆಯಿದೆ. ರಾಶಿ ರಾಶಿ ಬರಹದಲ್ಲಿ ಬೇಕಾದದ್ದನ್ನು ಹುಡುಕಿ ತೆಗೆಯುವುದು, ಗಣಕಗಳನ್ನು ಜಾಲವಾಗಿ ಹೆಣೆಯುವುದು, ಗಣಕಕ್ಕೆ ಬುದ್ಧಿ ಕಲಿಸುವುದು, ಈ ಮೂರು ಪ್ರಯತ್ನಗಳೂ ಅದರಲ್ಲಿ ಸೇರಿವೆ. ಆ ಚರಿತ್ರೆಯ ಕೆಲವು ಅಧ್ಯಾಯಗಳು ನಮ್ಮ ನಾಡಿನಲ್ಲಿಯೇ ನಡೆದಿವೆ. ಬನ್ನಿ, ಮೊದಲಿನಿಂದ ನೋಡೋಣ.

ಕಲ್ಲಿಗೊಂದು ವಿಳಾಸ

ಬಿ.ಎಲ್. ರೈಸ್ ಅವರ ಹೆಸರನ್ನು ನೀವು ಪಠ್ಯಪುಸ್ತಕದಲ್ಲಿ ಓದಿರಬಹುದು. ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದವರು. ಊರೂರಿನ ಕಲ್ಲು ಮತ್ತು ತಾಮ್ರಪಟಗಳಲ್ಲಿದ್ದ ಸುಮಾರು 9000 ಶಾಸನಗಳು ಅವರ ನೇತೃತ್ವದಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಸಂಪುಟಗಳಾಗಿ ಅಚ್ಚಾದವು. 1901ರಲ್ಲಿ ಬಂದ ಆರನೆಯ ಸಂಪುಟ ಕಡೂರು ಜಿಲ್ಲೆಯದು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಇದ್ದ ಹೆಸರು ಅದು.

ರೈಸ್ ಅವರ ಕ್ರಮ ಬಹಳ ಸರಳ. ತಾಲ್ಲೂಕಿನ ಹೆಸರಿನ ಸಂಕ್ಷೇಪ, ಅದರ ಮುಂದೆ ಒಂದು ಅಂಕಿ, ಅಷ್ಟೆ. ಕಡೂರಿನ ಇಷ್ಟನೆಯ ಶಾಸನ, ತರೀಕೆರೆಯ ಇಷ್ಟನೆಯ ಶಾಸನ ಎಂದರೆ ಮೈಸೂರಿನ ವಿದ್ವಾಂಸರಿಗೂ ಲಂಡನ್ನಿನ ವಿದ್ವಾಂಸರಿಗೂ ಅದೇ ಕಲ್ಲು ಗೊತ್ತಾಗುತ್ತಿತ್ತು. ಹೊಲದ ಬದುವಿನಲ್ಲಿ ನಿಂತಿದ್ದ ಕಲ್ಲಿಗೆ ಹೀಗೆ ಒಂದು ವಿಳಾಸ ಸಿಕ್ಕಿತು.

ಆದರೆ ವಿಳಾಸಕ್ಕೂ ವಯಸ್ಸಾಗುತ್ತದೆ. ಅಜ್ಜಂಪುರ ಈಗ ಪ್ರತ್ಯೇಕ ತಾಲ್ಲೂಕು. 1901ರ ಸಂಪುಟದಲ್ಲಿ ಅಲ್ಲಿನ ಶಾಸನಗಳನ್ನು ತರೀಕೆರೆಯ ಭಾಗದಲ್ಲಿ ಹುಡುಕಬೇಕು. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಸಂಪುಟಗಳನ್ನು ಹೊರತಂದಾಗ ಸಂಖ್ಯೆಗಳೂ ಬದಲಾದವು. ಆದ್ದರಿಂದ ಯಾವ ಆವೃತ್ತಿ ಎಂಬುದನ್ನೂ ಹೇಳಬೇಕಾಗುತ್ತದೆ. ಇದು ಹುಡುಕುವ ವಿದ್ಯೆಯ ಮೊದಲ ಪಾಠ: ವಸ್ತು ಇದ್ದಷ್ಟಕ್ಕೆ ಸಾಲದು, ಅದನ್ನು ತಲುಪುವ ದಾರಿಯೂ ಇರಬೇಕು. ದೂರದರ್ಶನದ ಕೆಲಸದಲ್ಲಿರುವ ನಮಗೆ ಇದು ಅನುಭವದ ಮಾತು. ಡಬ್ಬಿಯ ಮೇಲಿನ ಚೀಟಿ ಉದುರಿಹೋದ ಟೇಪು ಕಪಾಟಿನಲ್ಲಿ ಭದ್ರವಾಗಿಯೇ ಇರುತ್ತದೆ. ಆದರೆ ಅದರಲ್ಲಿರುವ ಕಾರ್ಯಕ್ರಮ ಕಳೆದುಹೋದಂತೆಯೇ.

ಆಟಿಕೆಯಿಂದ ಹೊಳೆದ ವಿಂಗಡಣೆ

ಶಾಸನಕ್ಕೆ ಸ್ಥಳವೇ ವಿಳಾಸವಾಯಿತು. ಪುಸ್ತಕಕ್ಕೆ ವಿಳಾಸ ಯಾವುದು? ಅದರ ವಿಷಯ. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಪ್ರತಿ ಭಾಗವನ್ನೂ ಮತ್ತೆ ಹತ್ತು ಮಾಡಿ, ಸಿದ್ಧ ಗೂಡುಗಳನ್ನು ಕೊಟ್ಟರು. ಪುಸ್ತಕವನ್ನು ಯಾವುದಾದರೊಂದು ಗೂಡಿಗೆ ಸೇರಿಸಬೇಕು.

ಗಣಿತದ ಅಧ್ಯಾಪಕರಾಗಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ತರಬೇತಿಗೆ ಲಂಡನ್ನಿಗೆ ಹೋದರು. ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟಿಕೆ ಕಂಡರು. ಅವೇ ಪಟ್ಟಿಗಳು, ಅವೇ ನಟ್ಟು ಬೋಲ್ಟುಗಳು. ಜೋಡಿಸುವ ಬಗೆ ಬದಲಾದರೆ ಬೇರೆ ಬೇರೆ ಆಟಿಕೆ. ವಿಷಯಗಳನ್ನೂ ಹೀಗೆಯೇ ಬಿಡಿಭಾಗಗಳಿಂದ ಜೋಡಿಸಬಹುದಲ್ಲವೆ ಎಂದು ಅವರಿಗೆ ಹೊಳೆಯಿತು. 1933ರಲ್ಲಿ ಪ್ರಕಟವಾದ ಅವರ 'ಕೋಲನ್ ಕ್ಲಾಸಿಫಿಕೇಷನ್' ಇದರ ಫಲ.

ಒಂದು ಉದಾಹರಣೆ ನೋಡಿ. 'ಹೊಯ್ಸಳರ ಕಾಲದಲ್ಲಿ ಕಡೂರು ಸೀಮೆಯ ಕೆರೆಗಳ ಕಲ್ಲುಕಟ್ಟಡದ ದುರಸ್ತಿ' ಎಂಬ ವಿಷಯವಿದೆಯೆನ್ನಿ. ಕೆರೆ ಮುಖ್ಯ ವಸ್ತು, ಕಲ್ಲು ದ್ರವ್ಯ, ದುರಸ್ತಿ ಕ್ರಿಯೆ, ಕಡೂರು ದೇಶ, ಹೊಯ್ಸಳರದು ಕಾಲ. ಈ ಐದು ಮುಖಗಳಲ್ಲಿ ಯಾವುದನ್ನು ಹಿಡಿದು ಬಂದರೂ ಓದುಗ ಆ ಪುಸ್ತಕವನ್ನು ತಲುಪಬಹುದು. ಇಂದು ಯಂತ್ರಗಳಿಗೆ ಜ್ಞಾನವನ್ನು ಕ್ರಮವಾಗಿ ಉಣಿಸುವವರು ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಓದುಗನ ಸಮಯವನ್ನು ಉಳಿಸುವುದು ಗ್ರಂಥಾಲಯದ ಧರ್ಮ ಎಂಬುದು ಅವರ ನಿಲುವಾಗಿತ್ತು.

ಅಕ್ಷರ ಬಲ್ಲದು, ಅರ್ಥ ಅರಿಯದು

ಗಣಕಯಂತ್ರ ಬಂದಾಗ ಕೆಲಸ ಬೇರೆ ದಾರಿ ಹಿಡಿಯಿತು. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯನ್ನು ನೋಡಿದ್ದೀರಲ್ಲ? ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ. ಗಣಕ ಸಾವಿರಾರು ಬರಹಗಳಿಗೆ ಒಟ್ಟಾಗಿ ಅಂಥ ಪಟ್ಟಿಯನ್ನು ತಯಾರಿಸಿಟ್ಟುಕೊಳ್ಳುತ್ತದೆ. 1960ರ ದಶಕದಲ್ಲಿ ಅಮೆರಿಕದ ಜೆರಾರ್ಡ್ ಸಾಲ್ಟನ್ ಈ ವಿದ್ಯೆಗೆ ಗಣಿತದ ಅಡಿಪಾಯ ಹಾಕಿದರು. 1972ರಲ್ಲಿ ಇಂಗ್ಲೆಂಡಿನ ಕರೆನ್ ಸ್ಪಾರ್ಕ್ ಜೋನ್ಸ್ ಇನ್ನೊಂದು ಮುಖ್ಯ ಅಂಶವನ್ನು ತೋರಿಸಿಕೊಟ್ಟರು: ಅಪರೂಪದ ಪದಕ್ಕೆ ತೂಕ ಹೆಚ್ಚು ಕೊಡಬೇಕು. 'ಪಂಚನಹಳ್ಳಿ ಕೆರೆ' ಎಂದು ಹುಡುಕಿದಾಗ 'ಕೆರೆ' ಎಂಬ ಪದ ಲಕ್ಷಾಂತರ ಬರಹಗಳಲ್ಲಿ ಸಿಕ್ಕೀತು. 'ಪಂಚನಹಳ್ಳಿ' ಕೆಲವೇ ಕೆಲವದರಲ್ಲಿ. ಆ ಕೆಲವೇ ಮೇಲಕ್ಕೆ ಬರಬೇಕು.

ಕನ್ನಡಕ್ಕೆ ಬಂದಾಗ ತೊಡಕುಗಳು ಹೆಚ್ಚು. ಕೆರೆ, ಕೆರೆಯ, ಕೆರೆಗೆ, ಕೆರೆಗಳಲ್ಲಿ ಇವೆಲ್ಲ ನಮಗೆ ಒಂದೇ ಮಾತು. ಅಕ್ಷರ ಮಾತ್ರ ಬಲ್ಲ ಯಂತ್ರಕ್ಕೆ ನಾಲ್ಕು. ಅಕ್ಷರದ ತುಣುಕನ್ನೇ ಹುಡುಕಲು ಹೇಳಿದರೆ 'ತರೀಕೆರೆ'ಯನ್ನೂ ಎಳೆದು ತರುತ್ತದೆ! ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಬೇರೆ ಬೇರೆ ತಂತ್ರಾಂಶಗಳು ಕನ್ನಡ ಅಕ್ಷರಗಳಿಗೆ ಬೇರೆ ಬೇರೆ ಸಂಕೇತಗಳನ್ನು ಬಳಸುತ್ತಿದ್ದವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. 1991ರ ಯೂನಿಕೋಡ್ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆಯನ್ನು ಕೊಟ್ಟಿತು. ರೈಸ್ ಕಲ್ಲಿಗೆ ಕೊಟ್ಟ ವಿಳಾಸವನ್ನು ಯೂನಿಕೋಡ್ ಅಕ್ಷರಕ್ಕೆ ಕೊಟ್ಟಿತು ಎನ್ನಬಹುದು. ಅದು ಬಳಕೆಗೆ ಬರಲು ಮತ್ತೆ ಹಲವು ವರ್ಷ ಹಿಡಿಯಿತು.

ದಾರಿ ಹುಡುಕುವ ಜಾಲ

ಉತ್ತರ ಎಲ್ಲೋ ಇದೆ ಎಂದಿಟ್ಟುಕೊಳ್ಳಿ. ಅದು ಪಂಚನಹಳ್ಳಿಗೆ ಬರುವುದು ಹೇಗೆ? ಅಂಚೆಯ ಕಾಗದವನ್ನು ನೆನೆಯಿರಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಪ್ರಕಾರ ಕಡೂರಿನ ಸಂಖ್ಯೆ 577548. ಮೊದಲ ಅಂಕಿ ನೋಡಿದ ಕೂಡಲೇ ಕಾಗದ ದೇಶದ ಯಾವ ಭಾಗಕ್ಕೆ ಹೋಗಬೇಕೆಂದು ತಿಳಿಯುತ್ತದೆ. ಮುಂದಿನ ಅಂಕಿಗಳು ದಾರಿಯನ್ನು ಕಿರಿದು ಮಾಡುತ್ತ ಹೋಗುತ್ತವೆ. ಗಣಕಜಾಲದಲ್ಲಿಯೂ ಮಾಹಿತಿ ಸಣ್ಣ ಸಣ್ಣ ಪೊಟ್ಟಣಗಳಾಗಿ, ಪ್ರತಿಯೊಂದರ ಮೇಲೂ ವಿಳಾಸ ಹೊತ್ತು, ಕವಲುದಾರಿಗಳಲ್ಲಿ ತಿರುಗುತ್ತ ಬರುತ್ತದೆ.

ನಮ್ಮ ದೇಶದಲ್ಲಿ ಇದರ ಆರಂಭ 1986ರ ಅರ್ನೆಟ್ ಯೋಜನೆ. ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಗಣಕಗಳಿಗೆ ಜ್ಞಾನವನ್ನು ತುಂಬಿ ತರ್ಕಿಸಲು ಕಲಿಸುವ ರಾಷ್ಟ್ರೀಯ ಕಾರ್ಯಕ್ರಮವೂ ಅದೇ 1986ರಲ್ಲಿ ಶುರುವಾಯಿತು. ಅದರಲ್ಲಿಯೂ ಈ ಸಂಸ್ಥೆ ಒಂದು ಕೇಂದ್ರ. ಜಾಲ ಮತ್ತು ಬುದ್ಧಿ ಎರಡನ್ನೂ ನಮ್ಮವರು ಒಂದೇ ವರ್ಷ ಕೈಗೆತ್ತಿಕೊಂಡರು ಎನ್ನುವುದು ಗಮನಿಸಬೇಕಾದ ಸಂಗತಿ. ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು.

ಜಾಲಕ್ಕೆ ಬುದ್ಧಿ ಏಕೆ ಬೇಕು? ದಾರಿಗಳು ಸದಾ ಒಂದೇ ತೆರನಾಗಿರುವುದಿಲ್ಲ. ಒಂದು ಕಡೆ ದಟ್ಟಣೆ, ಇನ್ನೊಂದು ಕಡೆ ತಂತಿ ಕಡಿತ. 1998ರಲ್ಲಿ ಇಬ್ಬರು ವಿಜ್ಞಾನಿಗಳು, ಜಾನಿ ಡಿ ಕಾರೊ ಮತ್ತು ಮಾರ್ಕೊ ಡೊರಿಗೊ, ಇದಕ್ಕೆ ಇರುವೆಗಳಿಂದ ಪಾಠ ಕಲಿತರು. ಇರುವೆ ನಡೆದ ದಾರಿಯಲ್ಲಿ ವಾಸನೆ ಬಿಡುತ್ತದೆ. ಹತ್ತಿರದ ದಾರಿಯಲ್ಲಿ ಹೋದ ಇರುವೆ ಬೇಗ ಮರಳುವುದರಿಂದ ಆ ದಾರಿಯಲ್ಲಿ ವಾಸನೆ ಗಾಢವಾಗುತ್ತದೆ; ಉಳಿದ ಇರುವೆಗಳೂ ಅದನ್ನೇ ಹಿಡಿಯುತ್ತವೆ. ಈ ವಿಜ್ಞಾನಿಗಳು ಪುಟ್ಟ 'ಕೃತಕ ಇರುವೆ'ಗಳನ್ನು ಜಾಲದಲ್ಲಿ ಓಡಿಸಿ, ಯಾವ ದಾರಿ ಎಷ್ಟು ಹೊತ್ತು ಹಿಡಿಯಿತೆಂದು ಪ್ರತಿ ಕವಲಿನಲ್ಲಿಯೂ ಗುರುತು ಬಿಡುವಂತೆ ಮಾಡಿದರು. ಮೇಲೆ ಕುಳಿತು ಅಪ್ಪಣೆ ಕೊಡುವವರಿಲ್ಲದೆ ಜಾಲ ತಾನೇ ದಾರಿಯನ್ನು ಕಲಿಯಬಲ್ಲುದೆಂದು ಇದು ತೋರಿಸಿಕೊಟ್ಟಿತು.

ಅರ್ಥವನ್ನು ಊಹಿಸುವ ಯಂತ್ರ

ಅತ್ತ ಹುಡುಕುವ ಯಂತ್ರವೂ ಕಲಿಯತೊಡಗಿತು. ಅಪಾರ ಬರಹವನ್ನು ಓದಿಸಿದಾಗ, 'ಕೆರೆ' ಬಂದ ಕಡೆ 'ಏರಿ', 'ತೂಬು', 'ಕೋಡಿ', 'ಕಟ್ಟೆ' ಬರುವುದನ್ನು ಅದು ಗಮನಿಸುತ್ತದೆ. ಒಂದೇ ಬಗೆಯ ನೆರೆಹೊರೆಯಿರುವ ಪದಗಳಿಗೆ ಹತ್ತಿರ ಹತ್ತಿರದ ಸಂಖ್ಯೆಗಳನ್ನು ಕೊಡುತ್ತದೆ. ಆಗ ನೀವು 'ಕೆರೆ' ಎಂದು ಕೇಳಿದರೆ 'ಕಟ್ಟೆ' ಎಂದು ಬರೆದ ಶಾಸನವೂ ಸಿಗಬಹುದು. 2017ರಲ್ಲಿ ರೂಪುಗೊಂಡ ಟ್ರಾನ್ಸ್‌ಫಾರ್ಮರ್ ಎಂಬ ರಚನೆ ಪದವನ್ನು ಇಡೀ ವಾಕ್ಯದ ನಡುವೆ ಇಟ್ಟು ನೋಡುವುದನ್ನು ಸುಲಭ ಮಾಡಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಬರಹವನ್ನು ಹುಡುಕಿ ಕೊಡುತ್ತಿದ್ದ ಯಂತ್ರದ ಜಾಗದಲ್ಲಿ ಬರಹವನ್ನು ತಾನೇ ಹೆಣೆಯುವ ಯಂತ್ರ ಜನರ ಕೈಸೇರಿತು.

ಅಪಾಯ ಇರುವುದು ಇಲ್ಲಿಯೇ. ಹಳೆಯ ಪದಸೂಚಿಯಲ್ಲಿ ಪದವಿಲ್ಲದಿದ್ದರೆ ಅದು ಇಲ್ಲ, ಅಷ್ಟೆ. ಹೊಸ ಯಂತ್ರ ಹಾಗೆ ಸುಮ್ಮನಾಗುವುದು ಖಚಿತವಿಲ್ಲ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಹೆಸರಾಂತ ಕೆರೆ. ಅದರ ಬಗ್ಗೆ ಬರಹಗಳಿವೆ. ಆದರೆ ನಿಮ್ಮ ಊರಿನಾಚೆಯ ಸಣ್ಣ ಕಟ್ಟೆಯ ಬಗ್ಗೆ ಯಾರೂ ಏನೂ ಬರೆದಿಲ್ಲವೆನ್ನಿ. ಈ ಸೀಮೆಯ ಕೆರೆಗಳ ಜೊತೆ ಹೊಯ್ಸಳರ ಹೆಸರು ಬರುವುದನ್ನು ಕಂಡ ಯಂತ್ರ, ನಿಮ್ಮ ಕಟ್ಟೆಯನ್ನೂ ಹೊಯ್ಸಳರ ಲೆಕ್ಕಕ್ಕೆ ಬರೆದುಬಿಡಬಹುದು. ಅದು ಬೇಕೆಂದು ಆಡಿದ ಸುಳ್ಳಲ್ಲ. ಬಹುಪಾಲು ಏನಿರುತ್ತದೋ ಅದರ ಊಹೆ. ಆದರೆ ಆ ಕಟ್ಟೆಯನ್ನು ನಿಜವಾಗಿ ಕಟ್ಟಿಸಿದವರು ಊರಿನ ಒಬ್ಬ ಗೌಡರೋ, ಒಬ್ಬ ವಿಧವೆ ತಾಯಿಯೋ ಆಗಿದ್ದರೆ? ಅವರ ಹೆಸರು ಎರಡನೆಯ ಬಾರಿ ಅಳಿಸಿಹೋದಂತಾಯಿತು.

ಇದಕ್ಕೊಂದು ಪರಿಹಾರವೆಂದು 2020ರಲ್ಲಿ ಸಂಶೋಧಕರು ಎರಡೂ ವಿದ್ಯೆಗಳನ್ನು ಕೂಡಿಸಿದರು. ಯಂತ್ರ ಮೊದಲು ದಾಖಲೆಗಳನ್ನು ಹುಡುಕಿ ತರಬೇಕು, ಅವುಗಳ ಆಧಾರದ ಮೇಲೆ ಬರೆಯಬೇಕು. ಹಾಗೆ ಮಾಡಿದಾಗ, ಯಾವ ದಾಖಲೆಯೆಂದು ತೋರಿಸುವುದೂ ಸಾಧ್ಯ. ಅಂದರೆ, ಸುತ್ತಿ ಬಳಸಿ ಮತ್ತೆ ರೈಸ್ ಅವರ ಬಾಗಿಲಿಗೇ ಬಂದೆವು.

ಮೇಷ್ಟ್ರ ಪ್ರಶ್ನೆಗೆ ಉತ್ತರ

ಈಗ ಪಂಚನಹಳ್ಳಿಯ ನಮ್ಮ ವಿದ್ಯಾರ್ಥಿನಿ ಏನು ಮಾಡಬೇಕು? ಯಂತ್ರವನ್ನು ದೂರವಿಡಬೇಕಾಗಿಲ್ಲ. ಅದು ಕೊಟ್ಟ ಉತ್ತರಕ್ಕೆ ವಿಳಾಸ ಕೇಳಬೇಕು: ಯಾವ ಸಂಪುಟ, ಯಾವ ಆವೃತ್ತಿ, ಯಾವ ಸಂಖ್ಯೆ? ಕೊಟ್ಟ ವಿಳಾಸವೂ ಊಹೆಯಾಗಿರಬಹುದು. ಆದ್ದರಿಂದ ಪುಟ ತೆರೆದು ತಾನೇ ನೋಡಬೇಕು. ಅಲ್ಲಿ ಇದ್ದರೆ ಸಂತೋಷ. ಇಲ್ಲದಿದ್ದರೆ 'ದಾಖಲೆ ಸಿಗಲಿಲ್ಲ' ಎಂದು ಬರೆಯುವುದೂ ಇತಿಹಾಸವೇ.

ಇನ್ನೊಂದು ಕೆಲಸವನ್ನು ಯಾವ ಯಂತ್ರವೂ ಅವಳ ಬದಲಿಗೆ ಮಾಡಲಾರದು. ಕೆರೆಯ ಏರಿಯ ಮೇಲೆ ನಡೆದು, ತೂಬಿನ ಬಳಿ ಕಲ್ಲಿದೆಯೇ ನೋಡಬೇಕು. ಊರಿನ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಕೇಳಿದ ದಿನ ಮತ್ತು ಸ್ಥಳದೊಂದಿಗೆ ಬರೆದಿಡಬೇಕು. ಇದ್ದದ್ದನ್ನಷ್ಟೇ ಯಂತ್ರ ಹುಡುಕಬಲ್ಲದು. ಇರುವಂತೆ ಮಾಡುವವರು ನಾವು.

ನೀವೂ ಪ್ರಯತ್ನಿಸಿ. ನಿಮ್ಮ ಊರಿನ ಒಂದು ಕೆರೆ, ಒಂದು ಬಾವಿ, ಒಂದು ಕಲ್ಲನ್ನು ಆರಿಸಿಕೊಳ್ಳಿ. ಅದರ ಬಗ್ಗೆ ಹತ್ತು ಸಾಲು ಬರೆಯಿರಿ. ಪ್ರತಿ ಸಾಲಿನ ಮುಂದೆಯೂ ಮೇಷ್ಟ್ರ ಪ್ರಶ್ನೆಯನ್ನು ಹಾಕಿಕೊಳ್ಳಿ: ಇದು ಎಲ್ಲಿದೆ?