ಇಪ್ಪತ್ನಾಲ್ಕು ಟಾಫಿಗಳು: ವಿಪೆಹೋಲ್ಮ್ ಆಸ್ಪತ್ರೆಯ ದಂತಕ್ಷಯ ಪ್ರಯೋಗ

ಸಿಹಿ ತಿಂದರೆ ಹಲ್ಲು ಹುಳುಕಾಗುತ್ತದೆ ಎಂಬುದು ಇಂದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಇದು ಮನುಷ್ಯರಲ್ಲಿ ಖಚಿತವಾದದ್ದು ಹೇಗೆ? ಈ ಪ್ರಶ್ನೆ ನಮ್ಮನ್ನು ಸ್ವೀಡನ್ ದೇಶದ ಒಂದು ಆಸ್ಪತ್ರೆಗೆ ಕರೆದೊಯ್ಯುತ್ತದೆ. ಅಲ್ಲಿ ದೊರೆತ ಫಲಿತಾಂಶವನ್ನು ದಂತವೈದ್ಯಕೀಯ ಪಠ್ಯಗಳು ಇಂದಿಗೂ ಉಲ್ಲೇಖಿಸುತ್ತವೆ. ಅದನ್ನು ಒದಗಿಸಿದ ರೋಗಿಗಳ ಕಥೆ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಹಿನ್ನೆಲೆ

ಬಾಯಿಯಲ್ಲಿರುವ ಬ್ಯಾಕ್ಟೀರಿಯಗಳು ಆಹಾರದ ಕಾರ್ಬೊಹೈಡ್ರೇಟ್‌ಗಳನ್ನು ಆಮ್ಲವಾಗಿ ಪರಿವರ್ತಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು 1890ರಲ್ಲಿ ಡಬ್ಲ್ಯು. ಡಿ. ಮಿಲ್ಲರ್ ಪ್ರತಿಪಾದಿಸಿದ್ದರು. ಎಲ್ಲರೂ ಇದನ್ನು ಒಪ್ಪಿರಲಿಲ್ಲ. ವಿಟಮಿನ್‌ಗಳ ಕೊರತೆಯಿಂದ ಹಲ್ಲು ದುರ್ಬಲವಾಗುವುದೇ ಮುಖ್ಯ ಕಾರಣವೆಂದು ಹಲವರು ನಂಬಿದ್ದರು.

ಸ್ವೀಡನ್ನಿಗೆ ಇದು ಬರಿಯ ಸಿದ್ಧಾಂತದ ಪ್ರಶ್ನೆಯಾಗಿರಲಿಲ್ಲ. ದಂತಕ್ಷಯ ಅಲ್ಲಿ ವ್ಯಾಪಕವಾಗಿತ್ತು. 1938ರಲ್ಲಿ ಸಾರ್ವಜನಿಕ ದಂತಸೇವೆ ಆರಂಭವಾದರೂ ಹುಳುಕು ತುಂಬುವುದರಿಂದಲೇ ಸಮಸ್ಯೆ ಮುಗಿಯುವಂತಿರಲಿಲ್ಲ. ರೋಗವನ್ನು ತಡೆಯಬೇಕಾದರೆ ಅದರ ಕಾರಣ ತಿಳಿಯಬೇಕು. ಈ ಉದ್ದೇಶದಿಂದ 1945ರಲ್ಲಿ ಸರ್ಕಾರದ ಆಶ್ರಯದಲ್ಲಿ ಅಧ್ಯಯನ ಆರಂಭವಾಯಿತು. ಆರಿಸಿಕೊಂಡ ಸ್ಥಳ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆ. ತೀವ್ರ ಬುದ್ಧಿಮಾಂದ್ಯವಿದ್ದವರಿಗಾಗಿ 1935ರಲ್ಲಿ ತೆರೆದ ಸಂಸ್ಥೆ ಅದು. ರೋಗಿಗಳು ಹೊರಗೆ ಹೋಗುವಂತಿರಲಿಲ್ಲ. ಅವರು ಏನನ್ನು, ಯಾವಾಗ ತಿನ್ನುತ್ತಾರೆಂಬುದು ಪೂರ್ಣವಾಗಿ ಆಸ್ಪತ್ರೆಯ ಹಿಡಿತದಲ್ಲಿತ್ತು. ಪ್ರಯೋಗಕ್ಕೆ ಇದು ಅನುಕೂಲವೆಂದು ಸಂಶೋಧಕರು ಭಾವಿಸಿದರು.

ಪ್ರಯೋಗ

ಮೊದಲ ಹಂತದಲ್ಲಿ ವಿಟಮಿನ್‌ಗಳ ಪರಿಣಾಮವನ್ನು ನೋಡಲಾಯಿತು. 1947ರಲ್ಲಿ ಗಮನ ಸಕ್ಕರೆಯತ್ತ ಹೊರಳಿತು. ರೋಗಿಗಳನ್ನು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಊಟದ ಜೊತೆಯಲ್ಲಿ ಸಕ್ಕರೆ ಪಾನೀಯ. ಇದರಲ್ಲಿ ಆರಂಭದಲ್ಲಿ ದಿನಕ್ಕೆ 300 ಗ್ರಾಂ ಸಕ್ಕರೆ ಇರುತ್ತಿತ್ತು. ಇನ್ನೊಂದಕ್ಕೆ ಸಿಹಿ ಬ್ರೆಡ್. ಉಳಿದವುಗಳಿಗೆ ಚಾಕೊಲೇಟ್, ಕ್ಯಾರಮೆಲ್ ಅಥವಾ ಟಾಫಿ. ಟಾಫಿಯನ್ನು ಹಲ್ಲಿಗೆ ಬಹಳ ಹೊತ್ತು ಅಂಟಿಕೊಳ್ಳುವಂತೆ ವಿಶೇಷವಾಗಿ ತಯಾರಿಸಲಾಗಿತ್ತು. ಒಂದು ಗುಂಪಿಗೆ ದಿನಕ್ಕೆ 8, ಇನ್ನೊಂದಕ್ಕೆ 24 ಟಾಫಿಗಳು. ಸಿಹಿತಿಂಡಿ ಉದ್ಯಮವೂ ಈ ಅಧ್ಯಯನಕ್ಕೆ ನೆರವು ನೀಡಿತ್ತು.

ಬಿ. ಇ. ಗುಸ್ಟಾಫ್‌ಸನ್ ಮತ್ತು ಸಹೋದ್ಯೋಗಿಗಳು 436 ರೋಗಿಗಳ ಐದು ವರ್ಷಗಳ ವಿವರವನ್ನು 1954ರಲ್ಲಿ ಪ್ರಕಟಿಸಿದರು. ಊಟದ ಜೊತೆ ಸಕ್ಕರೆ ಪಾನೀಯ ಕುಡಿದವರಲ್ಲಿ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟಗಳ ನಡುವೆ ಅಂಟು ಸಿಹಿ ತಿಂದವರಲ್ಲಿ, ಅದರಲ್ಲೂ 24 ಟಾಫಿಗಳ ಗುಂಪಿನಲ್ಲಿ, ಅದು ತೀವ್ರವಾಗಿ ಏರಿತು. ಟಾಫಿ ನಿಲ್ಲಿಸಿದಾಗ ಹೊಸ ಹುಳುಕುಗಳು ಕಡಿಮೆಯಾದವು. ಆದರೆ ಆಗಲೇ ಹಾಳಾದ ಹಲ್ಲುಗಳು ಮರಳಿ ಬರುವಂತಿರಲಿಲ್ಲ.

ಏಕೆ ಹೀಗೆ?

ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಲೋಳೆಪದರದ ಪಿಎಚ್ ಕುಸಿಯುತ್ತದೆ. ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗತೊಡಗುತ್ತವೆ. ಜೊಲ್ಲುರಸ ಆಮ್ಲವನ್ನು ತಟಸ್ಥಗೊಳಿಸಿ ಪಿಎಚ್ ಮತ್ತೆ ಏರಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕಾಗಬಹುದು. ಅಷ್ಟರಲ್ಲಿ ಇನ್ನೊಂದು ಟಾಫಿ ಬಾಯಿಗೆ ಬಿದ್ದರೆ ಹಲ್ಲಿಗೆ ಚೇತರಿಸಿಕೊಳ್ಳಲು ಬಿಡುವೇ ಇಲ್ಲ. ಆದ್ದರಿಂದ ಎಷ್ಟು ಸಕ್ಕರೆ ಎಂಬುದರಷ್ಟೇ ಎಷ್ಟು ಬಾರಿ ಎಂಬುದೂ ಮುಖ್ಯ. ಇದರಿಂದಾಗಿಯೇ ವಾರಕ್ಕೊಮ್ಮೆ, ಶನಿವಾರ ಮಾತ್ರ, ಮಕ್ಕಳಿಗೆ ಮಿಠಾಯಿ ಕೊಡುವ ರೂಢಿ ಸ್ವೀಡನ್ನಿನಲ್ಲಿ ಬೆಳೆಯಿತು. ಹಾಗೆಂದು ಪ್ರಮಾಣವನ್ನು ಕಡೆಗಣಿಸುವಂತಿಲ್ಲ. ಸೇರಿಸಿದ ಸಕ್ಕರೆಯಂಥ ಮುಕ್ತ ಸಕ್ಕರೆಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇಕಡ 10ಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ.

ಯಾರ ಒಪ್ಪಿಗೆ?

ಈ ಪ್ರಯೋಗದ ಉದ್ದೇಶವನ್ನು ಅರಿತು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಆ ರೋಗಿಗಳು ಇರಲಿಲ್ಲ. ಹಲ್ಲುನೋವನ್ನು ಹೇಳಿಕೊಳ್ಳಲೂ ಅನೇಕರಿಗೆ ಸಾಧ್ಯವಿರಲಿಲ್ಲ. ಮಾನವ ಪ್ರಯೋಗಕ್ಕೆ ಸ್ವಯಂಪ್ರೇರಿತ ಒಪ್ಪಿಗೆ ಅತ್ಯಗತ್ಯವೆಂದು ನ್ಯೂರೆಂಬರ್ಗ್ ಸಂಹಿತೆ ಸಾರಿದ್ದು 1947ರಲ್ಲಿ. ಸಕ್ಕರೆ ಹಂತ ಆರಂಭವಾದದ್ದೂ ಅದೇ ವರ್ಷ. ವೈದ್ಯಕೀಯ ಸಂಶೋಧನೆಗೆ ನೀತಿ ನಿಯಮಗಳನ್ನು ರೂಪಿಸಿದ ಹೆಲ್ಸಿಂಕಿ ಘೋಷಣೆ 1964ರಲ್ಲಿ ಬಂದಿತು. ಇಂದು ಇಂಥ ಪ್ರಯೋಗಕ್ಕೆ ಯಾವ ನೈತಿಕ ಸಮಿತಿಯೂ ಅನುಮತಿ ನೀಡಲಾರದು.

ಫಲಿತಾಂಶ ಸರಿಯಾಗಿದ್ದರೆ ಅದನ್ನು ಪಡೆದ ದಾರಿಯೂ ಸರಿಯಾದಂತೆ ಆಗುವುದಿಲ್ಲ. ಹಲ್ಲಿನ ಪಾಠ ಮಾಡುವಾಗ ಶಿಕ್ಷಕರು ಈ ಎರಡನ್ನೂ ಹೇಳುವುದು ಒಳ್ಳೆಯದು. ಆ ರೋಗಿಗಳ ಋಣ ತೀರಿಸುವ ದಾರಿ ಇನ್ನೊಂದಿದೆ. ಹಾಸಿಗೆ ಹಿಡಿದವರಿಗೆ ಮೆತ್ತನೆಯ ಸಿಹಿ ಆಹಾರ, ಸಕ್ಕರೆ ಬೆರೆತ ಸಿರಪ್ ಪದೇ ಪದೇ ಹೋಗುತ್ತಿರುತ್ತದೆ. ಕೆಲವು ಔಷಧಿಗಳಿಂದ ಬಾಯಿ ಒಣಗಿ ಜೊಲ್ಲುರಸದ ರಕ್ಷಣೆಯೂ ತಗ್ಗುತ್ತದೆ. ತಾವಾಗಿ ಹಲ್ಲುಜ್ಜಲಾಗದ ಅಂಥವರ ಬಾಯಿಯನ್ನು ದಿನವೂ ಶುಚಿಗೊಳಿಸುವುದು ಶುಶ್ರೂಷೆಯ ಭಾಗವೇ ಆಗಬೇಕು. ಆಸ್ಪತ್ರೆಯ ಹಾಸಿಗೆಯಿಂದ ಪಡೆದ ಜ್ಞಾನ ಮೊದಲು ಮರಳಬೇಕಾದದ್ದು ಅಲ್ಲಿಗೇ.