ಟೇಪಿನೊಳಗಿನ ದನಿಗಳು

1959ರ ಜೂನ್‌ನಲ್ಲಿ ಫ್ರೀಡ್ರಿಕ್ ಯೂರ್ಗೆನ್ಸನ್ ಎಂಬ ಚಿತ್ರಕಾರ ಸ್ವೀಡನ್ನಿನ ಮೋಲ್ನ್‌ಬೊದಲ್ಲಿ ಹಕ್ಕಿಗಳ ಹಾಡು ಟೇಪ್ ಮಾಡಿಕೊಂಡ. ತಿರುಗಿ ಹಾಕಿದರೆ ಗಂಡಸೊಬ್ಬ ನಾರ್ವೆಯ ಭಾಷೆಯಲ್ಲಿ ರಾತ್ರಿಹಕ್ಕಿಗಳ ಬಗ್ಗೆ ಮಾತಾಡುತ್ತಿದ್ದ. ಯಾವುದೋ ರೇಡಿಯೋ ನುಸುಳಿರಬೇಕು ಎಂದುಕೊಂಡ. ಆಮೇಲಿನ ಟೇಪಿನಲ್ಲಿ ತೀರಿಹೋದ ತಾಯಿ ಮುದ್ದಿನ ಹೆಸರಿನಿಂದ ಕರೆದದ್ದು ಕೇಳಿಸಿತು. 1964ರಲ್ಲಿ ಅವನು ಈ ದನಿಗಳ ಬಗ್ಗೆ ಪುಸ್ತಕವನ್ನೇ ಬರೆದ.

ಮರುವರ್ಷ ಅವನನ್ನು ಭೇಟಿಯಾದವನು ಕಾನ್‌ಸ್ಟಾಂಟಿನ್ ರೌದಿವೆ. ಲಾಟ್ವಿಯಾದವನು, ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ದೇಶ ಬಿಟ್ಟು, ಲೇಖಕಿ ಜೆಂತಾ ಮೌರಿನ್ಯಾ ಜೊತೆ ಉಪ್ಸಾಲಾದಲ್ಲಿ ನೆಲೆ ಕಂಡುಕೊಂಡಿದ್ದ. ಮೈಕಿನಿಂದ, ಎರಡು ಸ್ಟೇಷನ್ನುಗಳ ನಡುವೆ ನಿಲ್ಲಿಸಿದ ರೇಡಿಯೋದಿಂದ, ಗಿಡ್ಡ ಏರಿಯಲ್ ಕಟ್ಟಿದ ಡಯೋಡಿನಿಂದ ಟೇಪ್ ತುಂಬಿಸಿ, ಒಂದೆರಡು ಸೆಕೆಂಡಿನ ತುಣುಕುಗಳನ್ನು ಮತ್ತೆ ಮತ್ತೆ ಕೇಳುತ್ತಿದ್ದ. ಹೀಗೆ ಹತ್ತಾರು ಸಾವಿರ ದನಿಗಳು ಸೇರಿದವು.

ಸ್ಪೂಲ್ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಲೇ ನನ್ನ ನೌಕರಿ ಕಳೆಯಿತು. ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಕಾಂತತೆ ಪಕ್ಕದ ಸುತ್ತಿಗೆ ಇಳಿಯುತ್ತದೆ. ಗಾಯಕಿ ಪಲ್ಲವಿ ಎತ್ತುವ ಮುಂಚಿನ ಮೌನದಲ್ಲೇ ಅವಳ ದನಿ ಸಣ್ಣಗೆ ಹಾದುಹೋಗುತ್ತದೆ. ಸರಿಯಾಗಿ ಅಳಿಸದ ಟೇಪಿನ ತಳದಲ್ಲಿ ಹಳೆಯ ಭಾಷಣ ಉಳಿದಿರುತ್ತದೆ. ಉದ್ದನೆಯ ಮೈಕ್ ವೈರು ತಾನೇ ಏರಿಯಲ್ ಆಗಿ ಹತ್ತಿರದ ಸ್ಟೇಷನ್ನನ್ನು ಒಳಗೆ ಕರೆದುಕೊಳ್ಳುತ್ತದೆ. ಸೆಕೆಂಡಿಗೆ 7.5 ಇಂಚು ಓಡುವ ಟೇಪಿನಲ್ಲಿ ಯಾರಾದರೂ ‘ಅಮ್ಮ’ ಎಂದದ್ದು ಮೂರ್ನಾಲ್ಕು ಇಂಚು ಅಷ್ಟೆ. ಆ ತುಂಡನ್ನು ಹೆಡ್ಡಿನ ಮೇಲೆ ಕೈಯಲ್ಲೇ ಹಿಂದೆಮುಂದೆ ಎಳೆದಾಡಿ ನೋಡಿ. ಸ್ವಲ್ಪ ಹೊತ್ತಿಗೆ ಅದು ಬೇರೆ ಏನನ್ನೋ ಹೇಳತೊಡಗುತ್ತದೆ.

ಇದು ಯಂತ್ರದ ಪಾಲು. ಕಿವಿಯ ಪಾಲು ಇನ್ನೂ ದೊಡ್ಡದು. 1936ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅರ್ಥವಿಲ್ಲದ ಸ್ವರಗಳನ್ನು ಮೆಲ್ಲಗೆ ಮತ್ತೆ ಮತ್ತೆ ಕೇಳಿಸಿದಾಗ, ಕೇಳಿದವರು ಅದರಲ್ಲಿ ತಮ್ಮದೇ ಮಾತು ಹುಡುಕಿಕೊಂಡಿದ್ದರು. ಕೇಂಬ್ರಿಜ್‌ನ ಸಂಶೋಧನಾ ವೇತನ ಪಡೆದು 1970ರಿಂದ ಈ ದನಿಗಳ ಬೆನ್ನುಹತ್ತಿದ ಡೇವಿಡ್ ಎಲಿಸ್ ಕೂಡ, ಬಹುಪಾಲು ಅಸ್ಪಷ್ಟ ಸದ್ದಿಗೆ ಕೇಳುಗ ಕೊಟ್ಟ ಅರ್ಥ ಎಂಬಲ್ಲಿಗೇ ಬಂದ.

ನನ್ನನ್ನು ಹಿಡಿದು ನಿಲ್ಲಿಸುವುದು ರೌದಿವೆಯ ದನಿಗಳ ಭಾಷೆ. ಒಂದೇ ಸಾಲಿನಲ್ಲಿ ಲಾಟ್ವಿಯನ್, ಜರ್ಮನ್, ರಷ್ಯನ್, ಸ್ವೀಡಿಷ್! ಸತ್ತವರು ಹಾಗೆ ಮಾತಾಡುತ್ತಾರೆ ಎಂದು ಅವನು ನಂಬಿದ. ಊರು ಕಳೆದುಕೊಂಡು ದೇಶದಿಂದ ದೇಶಕ್ಕೆ ಸರಿದವನ ತಲೆಯೊಳಗಿನ ಭಾಷೆಯೇ ಅದು ಎಂದು ನನಗನ್ನಿಸುತ್ತದೆ. ಯೂರ್ಗೆನ್ಸನ್ ಹುಟ್ಟಿದ್ದೂ ದೂರದ ಒಡೆಸ್ಸಾದಲ್ಲಿ. ಇವರನ್ನು ಮೋಸಗಾರರೆನ್ನಲು ನನಗೆ ಬಾಯಿ ಬರುವುದಿಲ್ಲ.

1982ರಲ್ಲಿ ಅಮೆರಿಕದ ಸಾರಾ ಎಸ್ಟೆಪ್ ಹವ್ಯಾಸಿಗಳ ಸಂಘ ಕಟ್ಟಿದಳು. ದನಿಗಳಿಗೆ ಎ, ಬಿ, ಸಿ ದರ್ಜೆ ಬಂತು: ಹೇಳಿಕೊಡದೆಯೂ ಎಲ್ಲರಿಗೂ ತಿಳಿದರೆ ಎ. ಪಾಳುಮನೆಗೆ ಡಿಜಿಟಲ್ ರೆಕಾರ್ಡರ್ ಹಿಡಿದು ಹೋಗುವ ಇಂದಿನ ಹುಡುಗರೂ ಇದನ್ನೇ ಬಳಸುತ್ತಾರೆ. ಒಳ್ಳೆಯ ನಿಯಮ, ಬಿಗಿಯಾಗಿ ಪಾಲಿಸಬೇಕು ಅಷ್ಟೆ. ಯಾರಿಗೂ ಪದ ಹೇಳಿಕೊಡದೆ ತುಣುಕು ಕೇಳಿಸಿ, ಬೇರೆ ಬೇರೆ ಚೀಟಿಯಲ್ಲಿ ಬರೆಸಿ. ಚೀಟಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ತುಣುಕನ್ನು ಪಟ್ಟಿಯಿಂದ ತೆಗೆಯಿರಿ. ಅದರಲ್ಲಿ ತನ್ನವರ ಹೆಸರು ಕೇಳಿದವನೊಬ್ಬ ಇದ್ದರೆ, ರೆಕಾರ್ಡರ್ ಆರಿಸಿ, ತೀರಿಕೊಂಡವರು ಯಾರೆಂದು ಅವನನ್ನು ಕೇಳಿ.