ಸವಳಿನಿಂದ ಗಡ್ಡದ ಸಾಬೂನಿನವರೆಗೆ

ಉಗಾರ ಖುರ್ದದ ಸುತ್ತಿನ ಕೃಷ್ಣಾ ತೀರದಲ್ಲಿ 'ಸವಳು' ಎಂದರೆ ರೈತನ ಎದೆ ಒಡೆಯುವ ಮಾತು. ಕಬ್ಬಿಗೆ ಹರಿಸಿದ ನೀರು ಬಸಿದುಹೋಗದೆ ನಿಂತು, ಅಡಿಯ ಲವಣ ಮೇಲೆದ್ದು, ಎರೆಭೂಮಿ ಬಿಳುಚಿಕೊಳ್ಳುತ್ತದೆ. ಆದರೆ ಒಂದು ಕಾಲಕ್ಕೆ ಸವಳು ಮಣ್ಣು ಅಗಸರ ಬಂಡವಾಳ. ಅದನ್ನು ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ ಉಬ್ಬೆಗೆ ಹಾಕುತ್ತಿದ್ದರು. ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆ, ಅಂಟವಾಳ. ಗಂಡಸಿನ ಗಡ್ಡಕ್ಕೆ? ಬರೀ ನೀರು, ಮತ್ತು ಕ್ಷೌರಿಕನ ಬೆರಳು.

ಸವಳಿತ್ತು, ಸುಣ್ಣವಿತ್ತು, ಗಾಣದ ಎಣ್ಣೆಯೂ ಇತ್ತು. ಮನೆಮನೆಯಲ್ಲಿ ಸಾಬೂನು ಏಕೆ ಆಗಲಿಲ್ಲ? ಸವಳಿನಲ್ಲಿರುವ ಸೋಡಾ ಸೌಮ್ಯ ಕ್ಷಾರ. ತಣ್ಣನೆಯ ಎಣ್ಣೆಯನ್ನು ಸಾಬೂನಾಗಿಸುವ ಶಕ್ತಿ ಅದಕ್ಕಿಲ್ಲ. ಸುಣ್ಣದೊಂದಿಗೆ ಸೇರಿಸಿದರೆ ತೀಕ್ಷ್ಣ ಕ್ಷಾರ ಸಿಗುತ್ತದೆ, ಆದರೆ ಅದರ ಬಲ ಪ್ರತಿ ಸಲವೂ ಬೇರೆ. ಹೀಗಾಗಿ ಕುದಿಸಿ, ಉಪ್ಪು ಹಾಕಿ ಬೇರ್ಪಡಿಸುವುದು ಕಸುಬುದಾರರ ಕೆಲಸವಾಗಿಯೇ ಉಳಿಯಿತು. 'ಸಾಬೂನು' ಎಂಬ ಹೆಸರೂ ಅರಬ್ಬಿ ಭಾಷೆಯಿಂದ ಪಾರಸಿಯ ದಾರಿಯಲ್ಲಿ ಬಂದದ್ದು.

ಫ್ರಾನ್ಸಿನ ಲೆಬ್ಲಾಂಕ್ 1791ರಲ್ಲಿ ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಕೊಬ್ಬಿನ ರಚನೆಯನ್ನು ಬಿಡಿಸಿಟ್ಟ ಶೆವ್ರಲ್‌ನ ಗ್ರಂಥ 1823ರಲ್ಲಿ ಪ್ರಕಟವಾಯಿತು. ಅಲ್ಲಿಂದ ಮುಂದೆ ಸಾಬೂನು ಅಂದಾಜಿನ ವಸ್ತುವಲ್ಲ, ಲೆಕ್ಕದ ವಸ್ತು.

ನಮ್ಮ ನಾಡಿನಲ್ಲಿ ಈ ಲೆಕ್ಕ ಉದ್ಯಮವಾದದ್ದು ಮೊದಲ ಮಹಾಯುದ್ಧದ ದೆಸೆಯಿಂದ. ಯುರೋಪಿಗೆ ಗಂಧದ ಮರ ಹೋಗುವುದು ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಒತ್ತಾಸೆ. ರಸಾಯನ ವಿಜ್ಞಾನಿ ಎಸ್.ಜಿ. ಶಾಸ್ತ್ರಿಗಳ ಕೈಚಳಕ. ಬೆಂಗಳೂರಿನಲ್ಲಿ ತಯಾರಾದ ಆ ಗಂಧದ ಸಾಬೂನನ್ನು ಗಂಡಸರೂ ಹೆಂಗಸರೂ ಒಂದೇ ಬಚ್ಚಲಲ್ಲಿ ಬಳಸಿದರು. 'ಗಂಡಸರಿಗಾಗಿ' ಎಂಬ ಚೀಟಿ ಅಂಟಿಸಿದ್ದು ಈಚಿನ ಮಾರುಕಟ್ಟೆ.

ಆ ಚೀಟಿಗೆ ಏನಾದರೂ ಅರ್ಥವಿದ್ದರೆ ಅದು ಗಡ್ಡದ ಮಟ್ಟಿಗೆ. ಈಗ ಮನೆಯಲ್ಲೇ ಒಲೆಯಿಲ್ಲದೆ ತಣ್ಣನೆಯ ವಿಧಾನದಲ್ಲಿ ಸಾಬೂನು ಮಾಡುವವರಿದ್ದಾರೆ. 300 ಗ್ರಾಂ ಕೊಬ್ಬರಿ ಎಣ್ಣೆ, 600 ಗ್ರಾಂ ಶೇಂಗಾ ಎಣ್ಣೆ, 100 ಗ್ರಾಂ ಔಡಲೆಣ್ಣೆ ಪೂರ್ತಿ ಸಾಬೂನಾಗಲು ಸುಮಾರು 149 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಜಾಣರು ಹಾಕುವುದು 142. ಹೆಚ್ಚಾದರೆ ಚರ್ಮ ಸುಡುತ್ತದೆ. ಕತ್ತಿ ಆಡಿದ ಕೆನ್ನೆಗಂತೂ ಕೇಳುವುದೇ ಬೇಡ. ಕೊಬ್ಬರಿ ಎಣ್ಣೆ ನೊರೆ ಕೊಡುತ್ತದೆ, ಅತಿಯಾದರೆ ಚರ್ಮ ಒಣಗಿಸುತ್ತದೆ. ನಮ್ಮ ಸೀಮೆಯ ಕುಸುಬಿ ಎಣ್ಣೆಯನ್ನೇ ನಂಬಿದರೆ ಬಿಲ್ಲೆ ಮೆತ್ತಗಾಗಿ, ಬೇಗ ಕಮಟು ಹಿಡಿಯುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು; ಅಲ್ಯುಮಿನಿಯಂ ಪಾತ್ರೆ ಕೂಡದು. ಆಮೇಲೆ ನಾಲ್ಕಾರು ವಾರ ಒಣಗಲು ಬಿಡಬೇಕು.

ಇಷ್ಟಾದರೂ ಅದು ಸ್ನಾನದ ಸಾಬೂನೇ. ಕ್ಷೌರ ಮುಗಿಯುವವರೆಗೆ ನೊರೆ ನಿಲ್ಲಬೇಕಾದರೆ ಸ್ಟಿಯರಿಕ್ ಆಮ್ಲ ಹೆಚ್ಚಿರಬೇಕು, ಸೋಡಾದ ಜೊತೆ ಕಾಸ್ಟಿಕ್ ಪೊಟ್ಯಾಷ್ ಸೇರಬೇಕು. ನೊರೆ ಹೆಚ್ಚಿಸಲು ಸಾಬೂನು ಮಾಡುವವರು ಇನ್ನೊಂದನ್ನೂ ನೀರಿನಲ್ಲಿ ಕರಗಿಸುತ್ತಾರೆ: ಒಂದು ಚಮಚ ಸಕ್ಕರೆ. 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯ ಊರಾದ ಉಗಾರದಲ್ಲಿ ಅದಕ್ಕೇನೂ ಬರವಿಲ್ಲ.